ಕುದಿಯುವ ಎಂಜಿನ್, ಒಣಗುವ ಕಬ್ಬು

2025ರ ನವೆಂಬರ್ ಮೊದಲ ವಾರದಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್ ಇಡೀ ರಾಜ್ಯದ ಗಮನ ಸೆಳೆದಿತ್ತು. ಟನ್ ಕಬ್ಬಿಗೆ 3,500 ರೂಪಾಯಿ ದರ ನಿಗದಿಪಡಿಸಬೇಕೆಂದು ರೈತರು ಅಲ್ಲಿ ಹೂಡಿದ್ದ ಧರಣಿ, ನವೆಂಬರ್ 7ರಂದು ಸರ್ಕಾರ 3,300 ರೂಪಾಯಿ ಘೋಷಿಸಿದ ಬಳಿಕ ಕೊನೆಗೊಂಡಿತು. ಕಟಾವು ಮತ್ತು ಸಾಗಣೆ ವೆಚ್ಚವನ್ನು ಹೊರತುಪಡಿಸಿದ ದರವಿದು. ದರದ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯಿತು. ಆದರೆ ಆ ಕಬ್ಬನ್ನು ಹೊಲದಿಂದ ಕಾರ್ಖಾನೆಗೆ ಎಳೆದು ತರುವ ಟ್ರ್ಯಾಕ್ಟರಿನ ಆರೋಗ್ಯದ ಬಗ್ಗೆ ಯಾರೂ ಮಾತನಾಡಲಿಲ್ಲ. ದರದಲ್ಲಿ ಗಳಿಸಿದ್ದರ ಒಂದು ಪಾಲು ದಾರಿಯಲ್ಲೇ ಆವಿಯಾಗುತ್ತಿದೆ ಎಂಬುದು ನನ್ನ ವಾದ.

ಅರೆಯುವ ಹಂಗಾಮಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳಲ್ಲಿ ಸಂಚರಿಸಿದವರಿಗೆ ಈ ದೃಶ್ಯ ಅಪರಿಚಿತವಲ್ಲ. ಎರಡು ಟ್ರೇಲರ್‌ಗಳ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಏರಿನಲ್ಲಿ ನಿಂತಿರುತ್ತದೆ. ಬಾನೆಟ್ ತೆರೆದಿರುತ್ತದೆ, ರೇಡಿಯೇಟರಿನಿಂದ ಆವಿ ಏಳುತ್ತಿರುತ್ತದೆ. ನಗರದಿಂದ ಕಾರಿನಲ್ಲಿ ಹೋಗುವವರಿಗೆ ಇದು ಸಂಚಾರಕ್ಕೆ ಅಡ್ಡಿ. ಕತ್ತಲಾದ ಮೇಲೆ ಅಪಾಯವೂ ಹೌದು. ಕಬ್ಬಿನ ಒಡೆಯನಿಗೆ ಇದು ನೇರ ನಷ್ಟ. ಕಟಾವಾದ ಕಬ್ಬು ಗಂಟೆಗಳು ಉರುಳಿದಂತೆ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತದೆ. ರೈತನಿಗೆ ಹಣ ಸಿಗುವುದು ಕಾರ್ಖಾನೆಯ ತೂಕದ ಸೇತುವೆ ತೋರಿಸಿದ ತೂಕಕ್ಕೆ. 20 ಟನ್ ಕಬ್ಬು ವಿಳಂಬದಿಂದ ಶೇಕಡ 2ರಷ್ಟು ತೂಕ ಕಳೆದುಕೊಂಡಿತೆಂದೇ ಇಟ್ಟುಕೊಳ್ಳೋಣ. 3,300ರ ದರದಲ್ಲಿ ಅದು 1,320 ರೂಪಾಯಿ. ಒಂದು ಟ್ರ್ಯಾಕ್ಟರಿನ ತಂಪುಕಾರಕ ದ್ರವವನ್ನು ಬದಲಾಯಿಸುವ ವೆಚ್ಚಕ್ಕೆ ಇದು ಬಹಳ ದೂರವಿಲ್ಲ.

ಎಂಜಿನ್ ಕಾಯುವುದೇಕೆ? ಡೀಸೆಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಕ್ರವನ್ನು ತಿರುಗಿಸುತ್ತದೆ. ಇನ್ನೊಂದು ಭಾಗ ಹೊಗೆಯೊಂದಿಗೆ ಹೊರಹೋಗುತ್ತದೆ. ಉಳಿದುದರ ಬಹುಪಾಲನ್ನು ನೀರಿನ ಪಂಪ್, ಥರ್ಮೋಸ್ಟಾಟ್, ರೇಡಿಯೇಟರ್, ಫ್ಯಾನ್ ಮತ್ತು ಬೆಲ್ಟ್ ಕೂಡಿದ ವ್ಯವಸ್ಥೆ ಹೊರಹಾಕಬೇಕು. ರೇಡಿಯೇಟರಿನ ಮುಚ್ಚಳವನ್ನೂ ಹಗುರವಾಗಿ ಕಾಣುವಂತಿಲ್ಲ. ಅದು ಒಳಗೆ ಒತ್ತಡವನ್ನು ಹಿಡಿದಿಡುವುದರಿಂದ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸವೆದಿದ್ದರೆ ಈ ರಕ್ಷಣೆ ಇಲ್ಲವಾಗುತ್ತದೆ.

ಈ ಸೀಮೆಯಲ್ಲಿ ಮೂರು ಕಾರಣಗಳು ಒಟ್ಟುಗೂಡುತ್ತವೆ. ಮೊದಲನೆಯದು, ಭಾರೀ ಹೇರಿನ ನಿಧಾನ ಪಯಣ. ಎಂಜಿನ್ ಪೂರ್ಣ ಶ್ರಮದಲ್ಲಿರುತ್ತದೆ, ಆದರೆ ವೇಗವಿಲ್ಲದ್ದರಿಂದ ಎದುರುಗಾಳಿಯ ನೆರವು ದೊರೆಯುವುದಿಲ್ಲ. ಎರಡನೆಯದು, ರವದಿ. ಕಬ್ಬಿನ ಒಣಗಿದ ಸೋಗೆಯ ಚೂರು ಮತ್ತು ಹೊಲದ ದೂಳು ರೇಡಿಯೇಟರಿನ ರೆಕ್ಕೆಗಳ ನಡುವೆ ಸಿಕ್ಕಿ ಗಾಳಿಯ ದಾರಿಯನ್ನು ಮುಚ್ಚುತ್ತವೆ. ಮೂರನೆಯದು, ನೀರು. ನೀರು ಕಡಿಮೆಯಾದಾಗಲೆಲ್ಲ ಹತ್ತಿರದ ಕೊಳವೆಬಾವಿಯ ಗಡಸು ನೀರನ್ನು ಸುರಿಯುವುದು ರೂಢಿ. ಅದರಲ್ಲಿನ ಸುಣ್ಣದ ಅಂಶ ಎಂಜಿನ್ನಿನ ಒಳಗೋಡೆಗೆ ಪದರವಾಗಿ ಅಂಟಿಕೊಳ್ಳುತ್ತದೆ. ಎರಕ ಕಬ್ಬಿಣಕ್ಕೆ ಹೋಲಿಸಿದರೆ ಈ ಪದರ ಶಾಖವನ್ನು ಸಾಗಿಸುವ ಸಾಮರ್ಥ್ಯ ಹತ್ತು ಪಟ್ಟಿಗೂ ಹೆಚ್ಚು ಕಡಿಮೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಏಕೆ ಬೇಕು ಎಂದು ಕೇಳುವವರಿದ್ದಾರೆ. ಅದು ಕುದಿಬಿಂದುವನ್ನು ಏರಿಸುವುದರ ಜೊತೆಗೆ ತುಕ್ಕನ್ನೂ ತಡೆಯುತ್ತದೆ. ನಮ್ಮ ಹವೆಗೆ ಬೇಕಾದ ಗುಣಗಳು ಇವೇ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಚಾಲಕನ ಮುಂದಿರುವ ಉಷ್ಣತಾಮಾಪಕ ತೋರಿಸುವುದು ನೀರಿನ ಬಿಸಿಯನ್ನು. ನೀರು ಸೋರಿಹೋಗಿ ಸಂವೇದಕ ಬರಿಯ ಆವಿಯಲ್ಲಿ ಉಳಿದರೆ ಮುಳ್ಳು ಕೆಳಗಿಳಿಯಲೂಬಹುದು. ಎಂಜಿನ್ ಸುಡುತ್ತಿರುವಾಗ ಮಾಪಕ ಎಲ್ಲವೂ ಕ್ಷೇಮವೆಂದು ವರದಿ ಮಾಡುತ್ತದೆ. ಆಡಳಿತದಲ್ಲಿ ದಶಕಗಳನ್ನು ಕಳೆದ ನನಗೆ ಇಂಥ ವರದಿಗಳ ಪರಿಚಯ ಚೆನ್ನಾಗಿಯೇ ಇದೆ. ಆದ್ದರಿಂದ ಮುಳ್ಳನ್ನು ನೋಡಿದರಷ್ಟೇ ಸಾಲದು. ಪ್ರತಿದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ದ್ರವದ ಮಟ್ಟ, ಅದರ ಬಣ್ಣ, ಬೆಲ್ಟಿನ ಬಿಗಿತ, ಹೋಸುಗಳ ಸ್ಥಿತಿಯನ್ನು ಪರೀಕ್ಷಿಸಬೇಕು. ಅದೇ ಹೇರು, ಅದೇ ಏರು. ಹೋದ ವಾರಕ್ಕಿಂತ ಈ ವಾರ ಮುಳ್ಳು ಮೇಲೇರಿದ್ದರೆ ಕಾಯಿಲೆ ಶುರುವಾಗಿದೆ ಎಂದೇ ಅರ್ಥ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದು ಸಾಲು ಬರೆದಿಟ್ಟರೂ ಈ ಪ್ರವೃತ್ತಿ ಕಾಣುತ್ತದೆ.

ಇಷ್ಟು ಸರಳವಾದ ಕೆಲಸ ಏಕೆ ನಡೆಯುವುದಿಲ್ಲ? ಅರ್ಥಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ. ನಿರ್ವಹಣೆಯ ಖರ್ಚು ಮಾಡಬೇಕಾದವನು ಒಬ್ಬ, ವಿಳಂಬದ ನಷ್ಟ ಅನುಭವಿಸುವವನು ಇನ್ನೊಬ್ಬ. ವಾಹನದ ಮಾಲೀಕನಿಗೆ ಬಾಡಿಗೆ ಸಿಗುವುದು ಟನ್ನಿನ ಲೆಕ್ಕದಲ್ಲಿ. ಹೆಚ್ಚು ಹೇರಲು ಅವನಿಗೆ ಕಾರಣವಿದೆ, ಅರ್ಧ ದಿನ ನಿಲ್ಲಿಸಿ ರೇಡಿಯೇಟರ್ ತೊಳೆಯಲು ಕಾರಣವಿಲ್ಲ. ಎಂಜಿನ್ನಿನ ಹೆಡ್ ಬಾಗಿದಾಗ ಅವನೂ ದೊಡ್ಡ ಮೊತ್ತ ತೆರುತ್ತಾನೆ ನಿಜ; ಆದರೆ ಸಾಲದ ಕಂತಿನ ಒತ್ತಡದಲ್ಲಿರುವವನಿಗೆ ಇಂದಿನ ಒಂದು ಟ್ರಿಪ್ಪು ನಾಳೆಯ ಎಂಜಿನ್ನಿಗಿಂತ ಮುಖ್ಯವಾಗಿ ಕಾಣುವುದು ಸಹಜ.

ಸರ್ಕಾರದ ನೀತಿಯಲ್ಲೂ ಇದೇ ಓರೆ ಇದೆ. ಯಂತ್ರಗಳ ಖರೀದಿಗೆ ಸಹಾಯಧನವಿದೆ. ಬಾಡಿಗೆಗೆ ಯಂತ್ರ ಒದಗಿಸುವ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಕೊಂಡ ಯಂತ್ರವನ್ನು ಕಾಪಾಡಿಕೊಳ್ಳುವ ತಿಳಿವಳಿಕೆಗೆ ಅಷ್ಟೇ ಮಹತ್ವ ದೊರೆತಿಲ್ಲ. ವಾಹನಗಳ ಅರ್ಹತಾ ಪರೀಕ್ಷೆಯ ಗಮನ ಮುಖ್ಯವಾಗಿ ಬ್ರೇಕು, ದೀಪ, ಹೊಗೆಗಳ ಮೇಲೆ. 2020ರ ಏಪ್ರಿಲ್‌ನಿಂದ ಬಿಎಸ್-6 ಮಾನದಂಡದಲ್ಲಿ ಬಂದ ಬಸ್ಸು, ಲಾರಿಗಳಲ್ಲಿ ವಿದ್ಯುನ್ಮಾನ ನಿಯಂತ್ರಕವೇ ಉಷ್ಣತೆಯನ್ನು ಗಮನಿಸಿ ಎಚ್ಚರಿಸುತ್ತದೆ. ಕಬ್ಬು ಎಳೆಯುವ ಹಳೆಯ ಟ್ರ್ಯಾಕ್ಟರುಗಳಿಗೆ ಈ ಭಾಗ್ಯವಿಲ್ಲ. ಅಲ್ಲಿ ಕಣ್ಣು ಮತ್ತು ಕೈಗಳೇ ಸಂವೇದಕಗಳು. ವಾಯವ್ಯ ಸಾರಿಗೆ ಸಂಸ್ಥೆಯ ಬಸ್ಸಿಗಾದರೋ ಒಂದು ಡಿಪೊ ಇದೆ, ಮೆಕ್ಯಾನಿಕ್ ಇದ್ದಾನೆ, ನಿಗದಿತ ಅವಧಿಯ ತಪಾಸಣೆ ಇದೆ. ಟ್ರ್ಯಾಕ್ಟರಿಗೆ ಅಂಥ ಮನೆಯಿಲ್ಲ.

ಆ ಮನೆ ಸಕ್ಕರೆ ಕಾರ್ಖಾನೆಯ ಅಂಗಳವೇ ಆಗಬಹುದು ಎಂಬುದು ನನ್ನ ಸಲಹೆ. ಹಂಗಾಮಿಗೆ ಮೊದಲು ಕಾರ್ಖಾನೆಗಳು ಸಾಗಣೆದಾರರೊಂದಿಗೆ ಕರಾರು ಮಾಡಿಕೊಳ್ಳುತ್ತವೆ. ಆ ಕಾಗದಗಳ ಜೊತೆ ಎಂಜಿನ್ ತಂಪು ವ್ಯವಸ್ಥೆಯ ಒಂದು ಪುಟದ ತಪಾಸಣಾ ಪಟ್ಟಿ ಸೇರಲಿ. ಹಂಗಾಮು ಶುರುವಾದ ಮೇಲೆ ಟ್ರ್ಯಾಕ್ಟರುಗಳು ಅಂಗಳದ ಸರದಿಯಲ್ಲಿ ಗಂಟೆಗಟ್ಟಲೆ ಕಾಯುತ್ತವೆ. ಎಂಜಿನ್ ತಣಿಯುವ ಆ ಹೊತ್ತಿನಲ್ಲೇ ರವದಿಯನ್ನು ಗಾಳಿಯ ಒತ್ತಡದಿಂದ ಊದಿ ತೆಗೆಯಬಹುದು, ಶುದ್ಧೀಕರಿಸಿದ ನೀರನ್ನೂ ಕೂಲೆಂಟನ್ನೂ ಒದಗಿಸಬಹುದು. ಕೈಗಾರಿಕಾ ತರಬೇತಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿ ಸಿಕ್ಕೀತು?

ಇದು ತಮ್ಮ ಕೆಲಸವಲ್ಲ ಎಂದು ಕಾರ್ಖಾನೆಗಳು ಹೇಳಬಹುದು. ಆದರೆ ತಾಜಾ ಕಬ್ಬಿನಲ್ಲಿ ಸಕ್ಕರೆ ಇಳುವರಿ ಹೆಚ್ಚು. ಅದರ ಲಾಭ ಮೊದಲು ಸಲ್ಲುವುದು ಅವುಗಳಿಗೇ. ತಪಾಸಣೆಯ ನೆಪದಲ್ಲಿ ತಮ್ಮನ್ನು ಹೊರಗಿಟ್ಟಾರು ಎಂಬ ಸಣ್ಣ ಮಾಲೀಕರ ಭಯಕ್ಕೂ ಆಧಾರವಿದೆ. ಆದ್ದರಿಂದ ದೋಷ ಕಂಡರೆ ವಾಹನವನ್ನು ತಿರಸ್ಕರಿಸುವ ಬದಲು ಸ್ಥಳದಲ್ಲೇ ಸರಿಪಡಿಸಿ, ವೆಚ್ಚವನ್ನು ಬಾಡಿಗೆಯಲ್ಲಿ ಸಣ್ಣ ಕಂತುಗಳಾಗಿ ಹಿಡಿಯುವ ಕ್ರಮ ನ್ಯಾಯಯುತ. ಜಿಲ್ಲಾಡಳಿತ ಇದನ್ನು ಒಂದು ಕಾರ್ಖಾನೆಯಲ್ಲಿ ಒಂದು ಹಂಗಾಮಿನ ಮಟ್ಟಿಗೆ ಪ್ರಯೋಗಿಸಿ, ದಾರಿಯಲ್ಲಿ ನಿಂತ ವಾಹನಗಳ ಸಂಖ್ಯೆ ಇಳಿಯಿತೇ ಎಂದು ಎಣಿಸಿ ನೋಡಲಿ.

ದರಕ್ಕಾಗಿ ಹೋರಾಟ ಪ್ರತಿವರ್ಷ ನಡೆಯಲೇಬೇಕಾದೀತು. ಆದರೆ ಬೀದಿಗಿಳಿದು ಗಳಿಸಿದ ನೂರು ರೂಪಾಯಿಯನ್ನು ಅದೇ ಬೀದಿಯ ಅಂಚಿನಲ್ಲಿ, ಒಂದು ಲೀಟರ್ ಒಳ್ಳೆಯ ನೀರಿಲ್ಲದೆ ಕಳೆದುಕೊಳ್ಳುವುದು ವಿವೇಕವೆನಿಸದು.