ಫೋನಿಗೆ ಬರುತ್ತದೆ, ಲ್ಯಾಪ್‌ಟಾಪಿಗೆ ಬರುವುದಿಲ್ಲ

ಕೊರೊನಾ ಕಾಲದಲ್ಲಿ ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಹಳ್ಳಿಗಳು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಪಟ್ಟು ಹಿಡಿದದ್ದು ನ್ಯಾಯವಾಗಿಯೇ ಇತ್ತು. ಆನ್‌ಲೈನ್ ಪಾಠಕ್ಕೆ ಮಕ್ಕಳು ಗುಡ್ಡ ಹತ್ತಬೇಕಿತ್ತು. ಬೆಂಗಳೂರಿನಿಂದ ಊರಿಗೆ ಬಂದ ಸಾಫ್ಟ್‌ವೇರ್‌ನವರದೂ ಅದೇ ಪಾಡು. ಈಗ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ತೋಟದ ನಡುವಿನ ಎಷ್ಟೋ ಮನೆಗಳಿಗೆ ಫೈಬರ್ ಬಂದಿದೆ. ಆದರೂ ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ ನಿಂತರೆ ಬೈಗುಳ ಹೋಗುವುದು ಕಂಪನಿಗೆ, ಇಲ್ಲವೇ ಮಳೆಗೆ. ಬೈಯುವ ಮೊದಲು ಒಂದು ಪರೀಕ್ಷೆ ಮಾಡಿ. ಅದೇ ಜಾಗದಲ್ಲಿ, ಅದೇ ವೈಫೈಗೆ ಫೋನ್ ಜೋಡಿಸಿ. ಫೋನಿಗೆ ಬಂದು ಲ್ಯಾಪ್‌ಟಾಪಿಗೆ ಬಾರದಿದ್ದರೆ ದೋಷ ಬಹುಪಾಲು ಲ್ಯಾಪ್‌ಟಾಪಿನ ಒಳಗೇ ಇದೆ.

ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಸಿಕೊಂಡವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಹಳೆಯ ಯಂತ್ರಗಳನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಲಿನಕ್ಸ್ ಕಡೆ ಬರುವವರು ಇನ್ನೂ ಇರುತ್ತಾರೆ.

ದೋಷ ಎಲ್ಲಿದೆಯೆಂದು ಹುಡುಕಲು ಮೊದಲು ಕರ್ನಲ್ ಗೊತ್ತಿರಬೇಕು: ಆಪರೇಟಿಂಗ್ ಸಿಸ್ಟಮ್‌ನ ನಡುಮನೆಯಲ್ಲಿ ಕೂತು ಯಂತ್ರಾಂಶವನ್ನೆಲ್ಲ ಆಳುವ ಭಾಗ ಅದು. ವೈಫೈ ಚಿಪ್, ಕ್ಯಾಮೆರಾ ಇಂಥವುಗಳ ಜೊತೆ ವ್ಯವಹರಿಸಲು ಅದಕ್ಕೆ ಡ್ರೈವರ್ ಎಂಬ ತಂತ್ರಾಂಶದ ತುಣುಕುಗಳು ಬೇಕು. ಲಿನಕ್ಸ್ ಕರ್ನಲ್‌ನ ಕೋಟಿಗಟ್ಟಲೆ ಸಾಲುಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಡ್ರೈವರ್‌ಗಳದ್ದೇ. ಪ್ರತಿ ಚಿಪ್ಪಿಗೂ ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ ಎಂಬ ಎರಡು ಗುರುತುಗಳಿರುತ್ತವೆ. ಇಂಟೆಲ್ ತನಗೆ 8086 ಎಂಬ ಸಂಖ್ಯೆಯನ್ನೇ ಇಟ್ಟುಕೊಂಡಿದೆ, ತನ್ನ ಪ್ರಸಿದ್ಧ ಚಿಪ್ಪಿನ ಹೆಸರನ್ನೇ! ಯಂತ್ರ ಶುರುವಾಗುವಾಗ ಈ ಸಂಖ್ಯೆಗಳನ್ನು ಓದಿ, ‘ಇದು ನನ್ನದು’ ಎನ್ನುವ ಡ್ರೈವರನ್ನು ಕರ್ನಲ್ ಒಳಕ್ಕೆ ಕರೆಯುತ್ತದೆ.

ಕೆಲವೊಮ್ಮೆ ಒಂದೇ ಚಿಪ್ಪಿಗೆ ಇಬ್ಬರು ಮೂವರು ಹಕ್ಕುದಾರರು ಇರುತ್ತಾರೆ. ಒಂದೇ ಅಡಿಕೆ ಮರಕ್ಕೆ ಕೊನೆ ಕೊಯ್ಯುವ ಇಬ್ಬರು ಕೊನೆಗೌಡರು ಒಟ್ಟಿಗೆ ಹತ್ತುವ ಹಾಗಿಲ್ಲ. ಮೊದಲು ಹತ್ತಿದವನದೇ ಆ ಮರ, ಅವನಿಗೆ ಕೆಲಸ ಬರಲಿ ಬಿಡಲಿ.

2010ರ ಆಚೀಚೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಬಂದ ಬ್ರಾಡ್‌ಕಾಮ್ ವೈಫೈ ಚಿಪ್ಪುಗಳದ್ದು ಇದೇ ಕಥೆ. ಕಂಪನಿ ಮೊದಲು ಮಾಹಿತಿ ಬಿಟ್ಟುಕೊಡಲಿಲ್ಲ. ಉತ್ಸಾಹಿಗಳು ಕಂಪನಿಯ ಮುಚ್ಚಿದ ಡ್ರೈವರನ್ನೇ ಬಿಡಿಸಿ ನೋಡಿ, ಚಿಪ್ ನಡೆಸುವ ಬಗೆ ತಿಳಿದುಕೊಂಡು ‘ಬಿ43’ ಎಂಬ ಡ್ರೈವರ್ ಬರೆದರು. ‘ಡಬ್ಲ್ಯುಎಲ್’ ಎಂಬುದು ಕಂಪನಿಯೇ ಕೊಟ್ಟ, ಒಳಗೇನಿದೆಯೆಂದು ಯಾರಿಗೂ ತೋರಿಸದ ಡ್ರೈವರ್. 2010ರ ಸೆಪ್ಟೆಂಬರ್‌ನಲ್ಲಿ ಕಂಪನಿ ಮನಸ್ಸು ಬದಲಿಸಿ ಮುಕ್ತ ಡ್ರೈವರನ್ನೂ ಹೊರತಂದಿತು. ಅದು ಈಗ ‘ಬಿಆರ್‌ಸಿಎಂಸ್ಮ್ಯಾಕ್’ ಎಂಬ ಹೆಸರಿನಲ್ಲಿ ಕರ್ನಲ್‌ನಲ್ಲೇ ಇದೆ. 4313 ಎಂಬ ಮಾದರಿಯ ಚಿಪ್ಪನ್ನು ಈ ಮುಕ್ತ ಡ್ರೈವರೂ ನಡೆಸಬಲ್ಲದು, ಡಬ್ಲ್ಯುಎಲ್ ಕೂಡ ನಡೆಸಬಲ್ಲದು. ಒಬ್ಬರ ಮನೆಯಲ್ಲಿ ಸಲೀಸಾಗಿ ಓಡಿದ್ದು ಇನ್ನೊಬ್ಬರ ಮನೆಯಲ್ಲಿ ಪದೇ ಪದೇ ಕಡಿದುಹೋಗುವುದುಂಟು.

ಯಾರು ಹತ್ತಿದ್ದಾರೆಂದು ನೋಡುವುದು ಸುಲಭ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಆಜ್ಞೆಗೆ ‘ಕೆ’ ಆಯ್ಕೆ ಸೇರಿಸಿ ಕೊಟ್ಟರೆ, ಪ್ರತಿ ಸಾಧನವನ್ನು ಈಗ ನಡೆಸುತ್ತಿರುವ ಡ್ರೈವರ್ ಯಾವುದು, ನಡೆಸಬಲ್ಲವು ಯಾವುವು ಎಂದು ಬೇರೆ ಬೇರೆ ಸಾಲಿನಲ್ಲಿ ತೋರಿಸುತ್ತದೆ. ಬೇಡದ್ದನ್ನು ತಡೆಯಲು ಬ್ಲ್ಯಾಕ್‌ಲಿಸ್ಟ್ ಕಡತವಿದೆ; ಅದರಲ್ಲಿ ಡ್ರೈವರಿನ ಹೆಸರು ಬರೆದರೆ ಕರ್ನಲ್ ಅದನ್ನು ತಾನಾಗಿ ಕರೆಯುವುದಿಲ್ಲ. ಇಲ್ಲೇ ಬಹಳ ಜನ ಎಡವುವುದು. ಡಬ್ಲ್ಯುಎಲ್ ಹಾಕುವ ಪ್ಯಾಕೇಜು ಉಳಿದ ಡ್ರೈವರ್‌ಗಳನ್ನು ತಾನೇ ಬ್ಲ್ಯಾಕ್‌ಲಿಸ್ಟ್ ಮಾಡಿರುತ್ತದೆ. ಅದು ಸರಿಹೋಗಲಿಲ್ಲವೆಂದು ತೆಗೆದ ಮೇಲೂ ಆ ಕಡತ ಉಳಿದುಬಿಟ್ಟರೆ ಮುಕ್ತ ಡ್ರೈವರ್ ಬಾಗಿಲಲ್ಲೇ ನಿಂತಿರುತ್ತದೆ. ಇನ್ನೊಂದು ಮಾತು: ಬ್ಲ್ಯಾಕ್‌ಲಿಸ್ಟ್ ನಡೆಯುವುದು ಮಾಡ್ಯೂಲ್ ಆಗಿ ಪ್ರತ್ಯೇಕವಿರುವ ಡ್ರೈವರ್‌ಗಳ ಮೇಲೆ ಮಾತ್ರ. ಕರ್ನಲ್ ಕಟ್ಟುವಾಗಲೇ ಒಳಗೆ ಬೆಸೆದುಬಿಟ್ಟದ್ದಕ್ಕೆ ಅದು ತಾಗುವುದಿಲ್ಲ. ಅಂಥದ್ದನ್ನು ಪೂರ್ತಿ ಕಿತ್ತುಹಾಕಬೇಕೆಂದರೆ ಕರ್ನಲನ್ನೇ ಹೊಸದಾಗಿ ಕಟ್ಟಬೇಕು. ಮನೆಬಳಕೆಯವರು ಅಷ್ಟು ದೂರ ಹೋಗುವ ಪ್ರಸಂಗ ಅಪರೂಪ.

ಹಳ್ಳಿಯಲ್ಲಿ ಎದುರಾಗುವ ನಿಜವಾದ ತೊಡಕು ಬೇರೆ. ವೈಫೈ ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು. ಪೇಟೆಗೆ ಹೋಗಿ ಪೆನ್‌ಡ್ರೈವಿನಲ್ಲಿ ತರುತ್ತೇನೆಂದರೆ ಅದನ್ನು ನಿಮ್ಮ ಯಂತ್ರದಲ್ಲಿ ಕಟ್ಟಲು ನಿಮ್ಮ ಕರ್ನಲ್ ಆವೃತ್ತಿಗೆ ಹೊಂದುವ ಹೆಡರ್ ಕಡತಗಳೂ ಜೊತೆಗೆ ಬೇಕು. ಒಂದು ಮರೆತರೂ ಮತ್ತೆ ಬಸ್ಸು ಹಿಡಿಯಬೇಕು. ಅಷ್ಟು ತಾಪತ್ರಯವೇ ಬೇಡ. ರೌಟರ್ ಹತ್ತಿರವಿದ್ದರೆ ಲ್ಯಾನ್ ಕೇಬಲ್ ಹಾಕಿ. ಇಲ್ಲವಾದರೆ ಫೋನನ್ನು ಮನೆಯ ವೈಫೈಗೆ ಜೋಡಿಸಿ, ಯುಎಸ್‌ಬಿ ವೈರಿನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಯುಎಸ್‌ಬಿ ಟೆದರಿಂಗ್ ಒತ್ತಿ. ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಮೊಬೈಲ್ ಡೇಟಾವನ್ನಷ್ಟೇ ಅಲ್ಲ, ತಾವು ಹಿಡಿದ ವೈಫೈಯನ್ನೂ ಹೀಗೆ ದಾಟಿಸುತ್ತವೆ. ಲ್ಯಾಪ್‌ಟಾಪ್ ಕಣ್ಣಿಗೆ ಫೋನು ಒಂದು ನೆಟ್‌ವರ್ಕ್ ಕಾರ್ಡ್. ಅದಕ್ಕೆ ಬೇಕಾದ ಡ್ರೈವರ್ ಕರ್ನಲ್‌ನಲ್ಲಿ ಮೊದಲಿನಿಂದ ಇದೆ.

ಇಷ್ಟು ಡ್ರೈವರ್‌ಗಳಲ್ಲಿ ಯಾವುದನ್ನು ಆರಿಸಬೇಕು? ನನ್ನ ಓಟು ಕರ್ನಲ್ ಜೊತೆಗೇ ಬರುವ ಡ್ರೈವರಿಗೆ. ವೇಗ ತುಸು ಕಡಿಮೆಯಾದರೂ ಸರಿ. ಹೊರಗಿನ ಡ್ರೈವರನ್ನು ಪ್ರತಿ ಹೊಸ ಕರ್ನಲ್‌ಗೂ ಮತ್ತೆ ಕಟ್ಟಬೇಕು. ‘ಡಿಕೆಎಂಎಸ್’ ಎಂಬ ಸಾಧನ ಆ ಕೆಲಸವನ್ನು ತಾನೇ ಮಾಡುತ್ತದೆ, ನಿಜ. ಆದರೆ ಆಗುಂಬೆ ಸೀಮೆಯ ಆಷಾಢದಲ್ಲಿ ಅಪ್‌ಡೇಟ್ ನಡುವೆ ಕರೆಂಟು ಹೋಗಿ, ಹಳೆಯ ಬ್ಯಾಟರಿಯೂ ಕೈಕೊಟ್ಟರೆ ಕಟ್ಟುವುದು ಅರ್ಧಕ್ಕೆ ನಿಲ್ಲುತ್ತದೆ. ಡಬ್ಲ್ಯುಎಲ್ ಅಂತೂ 2015ರಿಂದ ಕಂಪನಿಯ ಕಡೆಯಿಂದ ಹೊಸದಾಗಿಲ್ಲ; ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಳಗಗಳವರು ತೇಪೆ ಹಾಕಿ ಓಡಿಸುತ್ತಿದ್ದಾರೆ. ಯಂತ್ರ ಶುರುವಾಗುವಾಗಲೇ ಸಹಿ ಪರೀಕ್ಷಿಸುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ಸೇರಿಸಿಕೊಳ್ಳುವುದೂ ಇಲ್ಲ. ಹೊರಗಿನದೇ ಗತಿ ಎನ್ನುವವರು ಹಳೆಯ ಕರ್ನಲನ್ನು ಅಳಿಸದೆ ಇಟ್ಟುಕೊಳ್ಳಲಿ: ಅಪ್‌ಡೇಟ್ ಆದ ಮರುದಿನ ವೈಫೈ ಮಾಯವಾದರೆ, ಶುರುವಿನ ಗ್ರಬ್ ಪಟ್ಟಿಯಲ್ಲಿ ಆ ಹಳೆಯ ಕರ್ನಲನ್ನು ಆರಿಸಿಕೊಂಡು ಅಂದಿನ ಕೆಲಸ ಮುಗಿಸಬಹುದು.