ಶಾಲು ಸಾಕು, ಬಾಗಿಲು ತೆಗೆಯಿರಿ

ಪ್ರತಿವರ್ಷ ನವೆಂಬರ್ ಬಂತೆಂದರೆ ನಿಮ್ಮ ಪತ್ರಿಕೆಗಳ ಒಳಪುಟದಲ್ಲಿ ಒಂದು ಫೋಟೋ ಬರುತ್ತೆ. ‘ಚೆನ್ನೈನಲ್ಲಿ ಅದ್ದೂರಿ ರಾಜ್ಯೋತ್ಸವ’ ಅಂತ ತಲೆಬರಹ. ವೇದಿಕೆ ಮೇಲೆ ಏಳೆಂಟು ಜನ, ಎಲ್ಲರ ಹೆಗಲ ಮೇಲೂ ಶಾಲು, ಒಬ್ಬಿಬ್ಬರ ತಲೆ ಮೇಲೆ ಮೈಸೂರು ಪೇಟ, ಹಿಂದೆ ತಾಯಿ ಭುವನೇಶ್ವರಿಯ ಚಿತ್ರ. ‘ಪರವಾಗಿಲ್ವೇ, ಅಷ್ಟು ದೂರ ಹೋದರೂ ನಮ್ಮವರು ಕನ್ನಡ ಉಳಿಸಿಕೊಂಡಿದ್ದಾರೆ’ ಅಂತ ನೀವು ಸಂತೋಷಪಟ್ಟು ಪುಟ ತಿರುಗಿಸ್ತೀರಿ. ನನ್ನ ತಕರಾರು ಇರುವುದು ಆ ಸಂತೋಷದ ಮೇಲೆಯೇ. ಆ ಫೋಟೋದಲ್ಲಿ ಯಾರಿದ್ದಾರೆ ಅಂತ ನೀವು ನೋಡ್ತೀರಿ. ಯಾರಿಲ್ಲ ಅಂತ ಯಾವತ್ತಾದರೂ ಯೋಚಿಸಿದ್ದೀರಾ?

ನಾನಿರುವುದು ವೆಸ್ಟ್ ಮಾಂಬಲಂನಲ್ಲಿ. ಟಿ. ನಗರದ ಸೀರೆ ಅಂಗಡಿಗಳ ಗದ್ದಲ ದಾಟಿ, ರೈಲು ಹಳಿಯ ಈ ಕಡೆಗೆ ಬಂದರೆ ಸಿಗುವ ಬಡಾವಣೆ. ಕಿರಿದಾದ ಬೀದಿಗಳು, ಬೆಳಗಿನ ಕಾಫಿ ವಾಸನೆ, ಅಯೋಧ್ಯಾ ಮಂಟಪದ ಕಛೇರಿಗಳು, ಮೆಸ್ಸುಗಳು, ಮದುವೆ ಅಡುಗೆಯವರು, ಒಂದು ಕಾಲದಲ್ಲಿ ಊರಿಗೆಲ್ಲ ಹೆಸರಾಗಿದ್ದ ಸೊಳ್ಳೆಗಳು. ಇಲ್ಲಿನ ದೊಡ್ಡ ರಸ್ತೆಯ ಹೆಸರು ಆರ್ಯ ಗೌಡ ರೋಡು. ಯಾರೀ ಗೌಡ ಅಂತ ಕೇಳಿದರೆ ಬಹಳ ಜನರಿಗೆ ಗೊತ್ತಿಲ್ಲ. ಅದು ನೀಲಗಿರಿಯ ಬಡಗರ ಮುಖಂಡ ಎಚ್.ಬಿ. ಆರಿ ಗೌಡರ ಹೆಸರು. ಜನರ ಬಾಯಲ್ಲಿ ‘ಆರ್ಯ’ ಆಗಿದೆ. ಬಡಗರೆಂದರೆ ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಕಡೆಯಿಂದ ಬೆಟ್ಟ ಹತ್ತಿ ಹೋದವರು ಅನ್ನುವುದು ಅವರಲ್ಲೇ ಇರುವ ನಂಬಿಕೆ. ಅವರ ಮಾತು ನಮ್ಮ ಕನ್ನಡದ ಒಡಹುಟ್ಟು. ಆರಿ ಗೌಡರು ಬಡಗರಲ್ಲಿ ಮೊದಲ ಪದವೀಧರರು, ಮದರಾಸಿನ ಶಾಸನಸಭೆಗೆ ಹೋದವರು. ಅಷ್ಟೇ ಆಗಿದ್ದರೆ ನಾನು ಇಲ್ಲಿ ಅವರ ಹೆಸರು ಎತ್ತುತ್ತಿರಲಿಲ್ಲ. ದಲ್ಲಾಳಿಗಳ ಕೈಯಲ್ಲಿ ಸಿಕ್ಕಿ ನರಳುತ್ತಿದ್ದ ಆಲೂಗಡ್ಡೆ ಬೆಳೆಗಾರರಿಗಾಗಿ 1930ರ ದಶಕದಲ್ಲಿ ಅವರು ಸಹಕಾರಿ ಮಾರಾಟ ಸಂಘ ಕಟ್ಟಿದರು. ಸಂಘ ಅಂದರೆ ಅವರಿಗೆ ಗೊತ್ತಿದ್ದ ಅರ್ಥ ಅದು. ತಮ್ಮವರ ಹೊಟ್ಟೆಪಾಡಿಗೆ ಹೆಗಲು ಕೊಡುವುದು.

ಈಗ ನಮ್ಮ ಸಂಘಗಳಿಗೆ ಬರೋಣ. ಈ ಊರಲ್ಲಿ ಕನ್ನಡ ಸಂಘಗಳಿಗೆ ಬರವಿಲ್ಲ. ವರ್ಷದ ಕಾರ್ಯಕ್ರಮ ಪಟ್ಟಿ ನನಗೆ ಬಾಯಿಪಾಠ. ಯುಗಾದಿಗೆ ಕವಿಗೋಷ್ಠಿ, ಗಣೇಶನ ಹಬ್ಬಕ್ಕೆ ಮಕ್ಕಳ ವೇಷ, ದಸರೆಗೆ ಬೊಂಬೆ ಸ್ಪರ್ಧೆ, ನವೆಂಬರಿಗೆ ರಾಜ್ಯೋತ್ಸವ. ಬೆಂಗಳೂರಿಂದ ಮುಖ್ಯ ಅತಿಥಿ ಬರಬೇಕು, ಅವರು ಒಂದೂವರೆ ಗಂಟೆ ತಡವಾಗಿ ಬರಬೇಕು, ಬಂದು ‘ಹೊರನಾಡ ಕನ್ನಡಿಗರೇ ನಿಜವಾದ ಕನ್ನಡಿಗರು’ ಅನ್ನಬೇಕು, ನಾವು ಚಪ್ಪಾಳೆ ತಟ್ಟಬೇಕು. ಆಮೇಲೆ ಆರ್ಕೆಸ್ಟ್ರಾ. ಆಮೇಲೆ ಬಿಸಿಬೇಳೆಬಾತು. ಇದೆಲ್ಲ ಬೇಡ ಅಂತ ನಾನು ಹೇಳ್ತಿಲ್ಲ. ಬಿಸಿಬೇಳೆಬಾತಿನ ಮೇಲೆ ನನಗೇನೂ ದ್ವೇಷವಿಲ್ಲ! ಆದರೆ ಆ ಸಂಜೆ ಸಭಾಂಗಣದಲ್ಲಿ ಕೂತವರು ಯಾರು? ಇಪ್ಪತ್ತು ಮೂವತ್ತು ವರ್ಷದಿಂದ ಇಲ್ಲೇ ನೆಲೆನಿಂತವರು, ಸ್ವಂತ ಮನೆ ಇದ್ದವರು, ತಮಿಳು ನೀರು ಕುಡಿದಂತೆ ಮಾತಾಡುವವರು. ಸಂಘದ ಸಹಾಯ ಯಾರಿಗೆ ಎಳ್ಳಷ್ಟೂ ಬೇಕಾಗಿಲ್ಲವೋ ಅವರೇ ಸಂಘ.

ಬೇಕಾದವರು ಬೇರೆ ಇದ್ದಾರೆ. ಸೆಂಟ್ರಲ್‌ನಲ್ಲಿ ಇಳಿದು, ಪಾರ್ಕ್ ಸ್ಟೇಷನ್ನಿಂದ ಲೋಕಲ್ ರೈಲು ಹಿಡಿದು ಮಾಂಬಲಂಗೆ ಬಂದು ನಿಲ್ಲುವ ಹುಡುಗನಿದ್ದಾನೆ. ಅಡುಗೆ ಕಂಟ್ರಾಕ್ಟರ ಹತ್ತಿರ ಕೆಲಸಕ್ಕೆ ಅಂತ ಬಂದಿರುತ್ತಾನೆ. ರಾಜ್ಯೋತ್ಸವದ ದಿನ ಅವನು ಯಾವುದೋ ಮದುವೆಮನೆಯಲ್ಲಿ ಎಲೆ ಹಾಕುತ್ತಿರುತ್ತಾನೆ. ಕಂಪನಿ ಕೆಲಸ ಸಿಕ್ಕಿ ಬಂದು, ಮೂರು ಜನರ ಜೊತೆ ಒಂದು ರೂಮಿನಲ್ಲಿರುವ ಹುಡುಗಿಯಿದ್ದಾಳೆ. ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ ಎರಡನೇ ಮಹಡಿಯಲ್ಲಿ ಇಬ್ಬರೇ ಉಳಿದ ಮುದುಕ ಮುದುಕಿಯರಿದ್ದಾರೆ. ಆಸ್ಪತ್ರೆಗಳಿಗೆ ಬರುವ ನಮ್ಮ ಕಡೆಯ ಜನವಂತೂ ಲೆಕ್ಕವಿಲ್ಲ.

ಕೊಪ್ಪಳದ ಕಡೆಯ ಒಬ್ಬ ತಾಯಿ ಗಂಡನ ಕಣ್ಣಿನ ಆಪರೇಷನ್ನಿಗೆ ಬಂದಿದ್ದರು. ಕೈಯಲ್ಲೊಂದು ಚೀಟಿ, ಚೀಟಿ ತುಂಬ ತಮಿಳು. ‘ನಮಗ ಇಲ್ಲಿ ಮಾತು ತಿಳಿಯಂಗಿಲ್ಲರೀ ಅಣ್ಣಾ, ಯಾವ ಔಷಧ ಮುಂಜಾನಿ ಹಾಕ್ಬೇಕು, ಯಾವುದು ರಾತ್ರಿ, ಒಂದೀಟು ಹೇಳ್ರಿ’ ಅಂದರು. ಅವರ ಊರಿನ ಮೇಷ್ಟ್ರು ಒಂದು ಸಂಘದ ನಂಬರು ಬರೆದುಕೊಟ್ಟಿದ್ದರಂತೆ. ಫೋನ್ ಮಾಡಿದರೆ ಆ ಕಡೆಯವರು, ‘ಮುಂದಿನ ಭಾನುವಾರ ನಮ್ಮ ಕಾರ್ಯಕ್ರಮ ಇದೆ, ಬನ್ನಿ, ಊಟವೂ ಇದೆ’ ಅಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಆದರೆ ಆಕೆಗೆ ಬೇಕಿದ್ದದ್ದು ಮುಂದಿನ ಭಾನುವಾರದ ಊಟ ಅಲ್ಲ, ಆವತ್ತಿನ ಐದು ನಿಮಿಷ.

ಇಂಥ ಐದು ನಿಮಿಷಗಳ ಮಾತೇ ನಾನು ಆಡುತ್ತಿರುವುದು. ಹೊಸಬರಿಗೆ ಗೊತ್ತಾಗಬೇಕಾದ, ಗೊತ್ತಿಲ್ಲದೆ ನಷ್ಟ ಮಾಡಿಕೊಳ್ಳುವ ಸಂಗತಿಗಳು ಎಷ್ಟಿವೆ ನೋಡಿ. ಮನೆ ಬಾಡಿಗೆಗೆ ಹೋದರೆ ಹತ್ತು ತಿಂಗಳ ಅಡ್ವಾನ್ಸ್ ಕೊಡು ಅನ್ನುವುದು ಈ ಊರಿನ ಹಳೇ ಚಾಳಿ. 2019ರಲ್ಲಿ ಜಾರಿಗೆ ಬಂದ ತಮಿಳುನಾಡಿನ ಬಾಡಿಗೆ ಕಾನೂನಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವ ಹಾಗಿಲ್ಲ. ಕರಾರಿಗೆ ಸಹಿ ಹಾಕುವ ಮುಂಚೆ ಇದನ್ನು ಹೇಳುವವರು ಬೇಕು, ಆಮೇಲೆ ಅಲ್ಲ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ತಮಿಳುನಾಡು 2020ರ ಅಕ್ಟೋಬರಿನಲ್ಲಿ ಸೇರಿತು. ರಾಯಚೂರಿನ ಕೂಲಿಯವನು ತನ್ನ ಊರಿನ ಕಾರ್ಡಿನ ಮೇಲೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಕೇಳಬಹುದು. ಯಾರು ಹೇಳಿದರು ಅವನಿಗೆ?

ಇನ್ನೊಂದು ಸಂಗತಿ ಕೇಳಿದರೆ ನಿಮಗೇ ಆಶ್ಚರ್ಯವಾದೀತು. ಹೊರನಾಡು ಮತ್ತು ಗಡಿನಾಡು ಕನ್ನಡಿಗರ ಮಕ್ಕಳಿಗೆ ಕರ್ನಾಟಕದ ಸಿಇಟಿಯಲ್ಲಿ ಅವಕಾಶ ಇದೆ. ಅದಕ್ಕಾಗಿ ಪರೀಕ್ಷಾ ಪ್ರಾಧಿಕಾರ ಬೇರೆಯಾಗಿ ಒಂದು ಕನ್ನಡ ಭಾಷಾ ಪರೀಕ್ಷೆ ನಡೆಸುತ್ತೆ. 50ಕ್ಕೆ 12 ಅಂಕ ಬಂದರೆ ಆ ಮೆಟ್ಟಿಲು ದಾಟಿದ ಹಾಗೆ. ಹನ್ನೆರಡು ಅಂಕ ಸ್ವಾಮಿ! ಮನೆಯಲ್ಲಿ ಕನ್ನಡ ಆಡುವ, ಆದರೆ ಅಕ್ಷರ ಬಾರದ ಮಗುವಿಗೆ ಆರು ತಿಂಗಳು ಭಾನುವಾರ ಪಾಠ ಹೇಳಿದರೆ ಸಾಕು. ಇದರಷ್ಟು ನೇರವಾಗಿ ಕನ್ನಡಕ್ಕೂ ಮಗುವಿನ ಭವಿಷ್ಯಕ್ಕೂ ಗಂಟು ಹಾಕುವ ಕೆಲಸ ಇನ್ನೊಂದಿಲ್ಲ. ನಾನು ನೋಡಿದ ಆಮಂತ್ರಣ ಪತ್ರಿಕೆಗಳಲ್ಲಿ ‘ಗೀತಗಾಯನ ಸ್ಪರ್ಧೆ’ ಇದೆ, ‘ಆದರ್ಶ ದಂಪತಿ’ ಇದೆ, ಈ ಪಾಠ ಇಲ್ಲ.

‘ನಮ್ಮದು ಸಾಂಸ್ಕೃತಿಕ ಸಂಘ ಕಣಯ್ಯಾ, ಸಮಾಜ ಕಲ್ಯಾಣ ಇಲಾಖೆ ಅಲ್ಲ’ ಅಂತ ಹಿರಿಯರೊಬ್ಬರು ನನಗೆ ಹೇಳಿದರು. ಹಾಗಾದರೆ ಇತಿಹಾಸ ನೋಡೋಣ. ಉತ್ತರ ಕನ್ನಡ, ದಕ್ಷಿಣ ಕನ್ನಡಗಳಿಂದ ನೂರು ವರ್ಷಕ್ಕೂ ಹಿಂದೆ ಮುಂಬಯಿಗೆ ಹೋದವರು ಮೊದಲು ಏನು ಮಾಡಿದರು? ಮೊಗವೀರರು 1902ರಲ್ಲೇ ಮಂಡಳಿ ಕಟ್ಟಿಕೊಂಡರು. ಚಿತ್ರಾಪುರ ಸಾರಸ್ವತರು 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕು ತೆರೆದರು, 1915ರಲ್ಲಿ ಗಾಂದೇವಿಯಲ್ಲಿ ಸಹಕಾರಿ ಗೃಹ ಸಂಘ ಮಾಡಿ ಮನೆ ಕಟ್ಟಿಕೊಂಡರು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗಾಗಿ ಕನ್ನಡದ ರಾತ್ರಿ ಶಾಲೆಗಳು ನಡೆದವು. ಅಲ್ಲಿ ಓದಿದವರಲ್ಲಿ ಎಷ್ಟು ಜನ ಆಮೇಲೆ ಬ್ಯಾಂಕು, ಕೋರ್ಟು, ಕಾಲೇಜು ಸೇರಿದರು! ಅವರೇನು ಯಕ್ಷಗಾನ ಬಿಟ್ಟರೇ? ಇಲ್ಲ. ಆಟವೂ ಇತ್ತು, ನಾಟಕವೂ ಇತ್ತು. ಆದರೆ ಸಾಲ, ಸೂರು, ಶಾಲೆ ಅದರ ಜೊತೆಗೇ ಇದ್ದವು. ನಮ್ಮಲ್ಲೂ ಈ ಬುದ್ಧಿ ಇರಲಿಲ್ಲ ಅಂತಲ್ಲ. ಟಿ. ನಗರದಲ್ಲಿ ಕರ್ನಾಟಕ ಸಂಘದ ಹೆಸರಿನ ಶಾಲೆ ಎದ್ದು ನಿಂತಿದೆ. ಅದನ್ನು ಕಟ್ಟಿದ ಹಿರಿಯರಿಗೆ ಸಂಘವೆಂದರೆ ಒಂದು ಸಂಜೆಯ ಮನರಂಜನೆ ಅನ್ನಿಸಿರಲಿಲ್ಲ.

ದುಡ್ಡೆಲ್ಲಿದೆ, ಜನವೆಲ್ಲಿದ್ದಾರೆ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಸಂಘ ನಡೆಸುವವರು ತಮ್ಮ ಕೈಯಿಂದ ಖರ್ಚು ಮಾಡಿ, ಆಫೀಸಿಗೆ ರಜೆ ಹಾಕಿ ಓಡಾಡುತ್ತಾರೆ. ಆ ದುಡಿಮೆಗೆ ನಾನು ಕೈ ಮುಗಿಯುತ್ತೇನೆ. ಆದರೆ ಒಂದು ಆರ್ಕೆಸ್ಟ್ರಾ ತಂಡವನ್ನು ಬೆಂಗಳೂರಿಂದ ಕರೆಸಿ, ಉಳಿಸಿ, ಕಳಿಸುವ ದುಡ್ಡಿನಲ್ಲಿ ಒಂದು ಫೋನು, ಒಂದು ಮೇಜು, ಎರಡು ಕುರ್ಚಿ ವರ್ಷವಿಡೀ ನಡೆಯುತ್ತೆ. ನಮ್ಮ ವೆಸ್ಟ್ ಮಾಂಬಲಂನಲ್ಲೇ ಪಬ್ಲಿಕ್ ಹೆಲ್ತ್ ಸೆಂಟರ್ ಇದೆ. ಎಂ.ಸಿ. ಸುಬ್ರಹ್ಮಣ್ಯಂ ಅನ್ನುವವರು 1950ರ ದಶಕದಲ್ಲಿ ಚಿಕ್ಕದಾಗಿ ಶುರು ಮಾಡಿದ್ದು, ಇವತ್ತು ದೊಡ್ಡ ಆಸ್ಪತ್ರೆ. ಅವರೂ ದುಡ್ಡಿನ ಗಂಟು ಇಟ್ಟುಕೊಂಡು ಹೊರಟವರಲ್ಲ.

ಕಷ್ಟ ಬಂದಾಗ ನಮ್ಮ ಬಂಡವಾಳ ಬಯಲಾಗುತ್ತೆ. 2015ರ ಡಿಸೆಂಬರಿನ ಮಳೆಯಲ್ಲಿ ಈ ಬೀದಿಗಳು ನೀರಲ್ಲಿ ಮುಳುಗಿದವು. ಕರೆಂಟಿಲ್ಲ, ಫೋನಿಲ್ಲ, ಹಾಲಿಲ್ಲ. ಯಾವ ಮನೆಯಲ್ಲಿ ಒಂಟಿ ಮುದುಕರಿದ್ದಾರೆ, ಯಾರಿಗೆ ಇನ್ಸುಲಿನ್ ಬೇಕು ಅನ್ನುವ ಪಟ್ಟಿ ನಮ್ಮ ಯಾವ ಸಂಘದಲ್ಲಿತ್ತು? ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರಲ್ಲಿ ಅನ್ನದ ಪೊಟ್ಟಣ ತಂದುಕೊಟ್ಟವರು ತಮಿಳು ಹುಡುಗರು. ಅವರು ಭಾಷೆ ಕೇಳಲಿಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯಲ್ಲಿ ಬೆಂಗಳೂರಲ್ಲಿ ಬಸ್ಸುಗಳು ಉರಿದವು. ಅದೇ ದಿನ ಇಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿಗೆ ಪೆಟ್ರೋಲ್ ಬಾಂಬ್ ಬಿತ್ತು. ಆವತ್ತು ಬಸ್ಸಿನಲ್ಲಿ ಮನೆಗೆ ಫೋನ್ ಬಂದರೆ ದನಿ ತಗ್ಗಿಸಿದವರು ನಮ್ಮಲ್ಲಿ ಎಷ್ಟೋ ಜನ. ಊರಿಗೆ ಹೊಸದಾಗಿ ಬಂದ ಹುಡುಗಿಗೆ ‘ಹೆದರಬೇಡಮ್ಮ, ಇಂಥ ಕಡೆ ನಾವಿದ್ದೇವೆ, ಬೇಕಾದರೆ ಬಾ’ ಅನ್ನುವ ಒಂದು ಮಾತು ಬೇಕಿತ್ತು. 2020ರ ಲಾಕ್‌ಡೌನಿನಲ್ಲಿ ಊರಿಗೆ ಮರಳಲು ‘ಸೇವಾ ಸಿಂಧು’ವಿನಲ್ಲಿ ಹೆಸರು ನೋಂದಾಯಿಸಬೇಕಾಗಿತ್ತು. ಸ್ಮಾರ್ಟ್‌ಫೋನ್ ಇಲ್ಲದ ಅಡುಗೆಯವನು ಏನು ಮಾಡಬೇಕು?

ಇಷ್ಟೆಲ್ಲ ನಮ್ಮ ಊರಿನ ಜಗಳ, ನಮಗ್ಯಾಕೆ ಅಂತ ನೀವು ಕೇಳಬಹುದು. ನಿಮಗೂ ಪಾಲಿದೆ. ನಮ್ಮ ಸಂಘಗಳು ಉತ್ಸವದ ಅಂಗಡಿಗಳಾಗಿರುವುದಕ್ಕೆ ಗಿರಾಕಿಗಳು ನೀವು. ನಿಮಗೆ ಹೊರನಾಡ ಕನ್ನಡಿಗ ಅಂದರೆ ಬಾವುಟ ಹಿಡಿದು ಕಣ್ಣೀರು ಹಾಕುವ ಪ್ರಾಣಿ. ನಿಮ್ಮ ಮಂತ್ರಿಗಳು ಬರುವುದು ಉದ್ಘಾಟನೆಗೆ, ಸಾಹಿತಿಗಳು ಬರುವುದು ಭಾಷಣಕ್ಕೆ. ಉತ್ಸವಕ್ಕೆ ದುಡ್ಡು ಹುಟ್ಟುತ್ತೆ, ಯಾಕೆಂದರೆ ಅದಕ್ಕೆ ಫೋಟೋ ಇದೆ. ಔಷಧದ ಚೀಟಿ ಓದಿ ಹೇಳುವುದಕ್ಕೆ ಫೋಟೋ ಇಲ್ಲ. 2009ರ ಆಗಸ್ಟಿನಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ನಾಲ್ಕು ದಿನದಲ್ಲಿ ಇಲ್ಲಿ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡವು. ಎರಡೂ ಒಳ್ಳೆಯ ಕೆಲಸ. ಆದರೆ ಸರ್ವಜ್ಞ ತಿರುಗಿ ತಿರುಗಿ ಬಾಳಿದವನು, ಊರೂರಲ್ಲಿ ಅನ್ನ ಕೇಳಿದವನು. ಅವನ ಪ್ರತಿಮೆಗೆ ಹಾರ ಹಾಕುವವರು ಹೊಸದಾಗಿ ಬಂದ ಜೀವಂತ ಅಲೆಮಾರಿಗೂ ಒಂದು ಲೋಟ ನೀರು ಕೊಡಬೇಕಲ್ಲವೇ?

2011ರ ಜನಗಣತಿ ಪ್ರಕಾರ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯವರು ಶೇಕಡಾ 1.78. ಬಡಗರೂ ಆ ಲೆಕ್ಕದಲ್ಲೇ ಇದ್ದಾರೆ. ಅಂದರೆ ಹನ್ನೆರಡು ಲಕ್ಷದ ಮೇಲೆ ಜನ. ಇವರನ್ನೆಲ್ಲ ಒಂದು ಸಭಾಂಗಣದಲ್ಲಿ ಕೂರಿಸಿ ಹಾಡು ಕೇಳಿಸಲು ಸಾಧ್ಯವಿಲ್ಲ. ಕಷ್ಟಕ್ಕೆ ಸಿಗುವ ಒಂದು ನಂಬರು ಇವರಿಗೆಲ್ಲ ಮುಟ್ಟಿಸಬಹುದು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಸಂಘದವರಿಗೆ: ವರ್ಷಕ್ಕೆ ಒಂದು ಉತ್ಸವ ಕಡಿಮೆ ಮಾಡಿ. ಭಾನುವಾರ ಬೆಳಗ್ಗೆ ಎರಡು ಗಂಟೆ ಒಂದು ಮೇಜು ಹಾಕಿ ಕೂತುಕೊಳ್ಳಿ, ಬಂದವರ ಕಾಗದ ಪತ್ರ ನೋಡಿ. ಮಕ್ಕಳಿಗೆ ಸಿಇಟಿ ಕನ್ನಡ ಹೇಳಿಕೊಡಿ. ಮತ್ತೆ, ಬೈಯಬೇಡಿ, ಹೊಸದಾಗಿ ಬಂದವರಿಗೆ ತಮಿಳು ಹೇಳಿಕೊಡಿ. ಆಟೋದವನ ಹತ್ತಿರ, ಮನೆ ಓನರ್ ಹತ್ತಿರ, ನರ್ಸ್ ಹತ್ತಿರ ನಾಲ್ಕು ಮಾತು ಆಡಲು ಬಂದರೆ ಅವರ ಕನ್ನಡ ಕರಗಿಹೋಗುವುದಿಲ್ಲ, ಭಯ ಕರಗುತ್ತೆ. ಒಂಟಿ ಹಿರಿಯರ ಪಟ್ಟಿ ಮಾಡಿ, ವಾರಕ್ಕೊಮ್ಮೆ ಫೋನ್ ಮಾಡಿ.

ನಿಮಗೆ, ಊರಲ್ಲಿರುವವರಿಗೆ: ಮುಂದಿನ ನವೆಂಬರಿನಲ್ಲಿ ಯಾವುದೇ ಹೊರನಾಡ ಸಂಘ ನಿಮ್ಮನ್ನು ಅತಿಥಿಯಾಗಿ ಕರೆದರೆ, ಅಥವಾ ನಿಮ್ಮ ಶಾಸಕರ ಹತ್ತಿರ ಅನುದಾನ ಕೇಳಲು ಬಂದರೆ, ಕಳೆದ ವರ್ಷ ಎಷ್ಟು ಜನ ಸಭೆಗೆ ಬಂದರು ಅಂತ ಕೇಳಬೇಡಿ. ಊರಿಗೆ ಹೊಸದಾಗಿ ಬಂದ ಎಷ್ಟು ಜನರಿಗೆ ರೂಮು, ಕೆಲಸ, ಸೀಟು, ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಕೊಡಿಸಿದಿರಿ ಅಂತ ಕೇಳಿ. ಉತ್ತರ ಬಂದರೆ ದುಡ್ಡು ಕೊಡಿ, ಖುಷಿಯಿಂದ ಬಂದು ಭಾಷಣವನ್ನೂ ಮಾಡಿ. ಬರದಿದ್ದರೆ ಶಾಲು ವಾಪಸ್ ಮಾಡಿ ಬನ್ನಿ.