ಹೊಯ್ಸಳರ ಪತನಕ್ಕೆ ಒಂದೇ ಸಾಲಿನ ಉತ್ತರ ಸಾಕೇ?

'ಹೊಯ್ಸಳರ ಅವನತಿಗೆ ಕಾರಣವೇನು?' ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಕೊಡುವ ಉತ್ತರ ಒಂದೇ: 1311ರ ಮಲಿಕ್ ಕಾಫೂರನ ದಾಳಿ. ಇತಿಹಾಸ ಓದುತ್ತಿರುವ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯಾಗಿ ನನಗೆ ಈ ಉತ್ತರ ಸಾಲದು ಎನಿಸುತ್ತದೆ. ಹೊರಗೆ ಯಾರಾದರೂ 'ಹಳೇಬೀಡು ಹಾಳು ಮಾಡಿದ್ದು ನಿಮ್ಮವರೇ ಅಲ್ವಾ?' ಎಂದು ಕೇಳಿದಾಗ ನಮ್ಮ ಎಷ್ಟೋ ಸ್ನೇಹಿತರು ಸುಮ್ಮನಾಗುತ್ತಾರೆ. ಇತಿಹಾಸ ಗೊತ್ತಿದ್ದರೆ ಸುಮ್ಮನಾಗಬೇಕಿಲ್ಲ, ಜಗಳವಾಡಲೂ ಬೇಕಿಲ್ಲ.

ಮೊದಲು ಏಳಿಗೆಯನ್ನು ನೋಡೋಣ. ಮಲೆನಾಡಿನ ಅಂಗಡಿ ಎಂಬ ಊರಿನ ಕಡೆಯಿಂದ ಬಂದ ಹೊಯ್ಸಳರು ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದರು. ವಿಷ್ಣುವರ್ಧನ 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ. ಮರುವರ್ಷ ಬೇಲೂರಿನ ದೇವಾಲಯ ಪ್ರತಿಷ್ಠೆಯಾಯಿತು. ಅದಕ್ಕೂ ಕೆಲವು ವರ್ಷ ಮೊದಲೇ, 1114ರ ಸುಮಾರಿಗೆ, ನಮ್ಮ ದೊಡ್ಡಗದ್ದವಳ್ಳಿಯಲ್ಲಿ ಲಕ್ಷ್ಮೀದೇವಿ ದೇವಾಲಯ ಎದ್ದಿತ್ತು. ಕಟ್ಟಿಸಿದ್ದು ರಾಜನಲ್ಲ, ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿಗಳ ಅಂಥ ಗುಡಿಯನ್ನು ಒಬ್ಬ ವ್ಯಾಪಾರಿ ಕೆರೆಯ ಪಕ್ಕದ ಹಳ್ಳಿಯಲ್ಲಿ ಕಟ್ಟಿಸಬೇಕಾದರೆ ದುಡ್ಡೂ ಇರಬೇಕು, ನಾಳೆಯ ಬಗ್ಗೆ ಧೈರ್ಯವೂ ಇರಬೇಕು. ರಾಜ್ಯ ಏಳಿಗೆಯಲ್ಲಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಇನ್ನು ಪತನ. 1254ರ ಹೊತ್ತಿಗೆ ರಾಜ ಸೋಮೇಶ್ವರ ತನ್ನ ಇಬ್ಬರು ಮಕ್ಕಳಿಗೆ ರಾಜ್ಯವನ್ನು ಹಂಚಿದ. ದೋರಸಮುದ್ರ ಮೂರನೇ ನರಸಿಂಹನಿಗೆ, ತಮಿಳುನಾಡಿನ ಕಣ್ಣನೂರು ಕಡೆಯ ಭಾಗ ರಾಮನಾಥನಿಗೆ. ಅಣ್ಣತಮ್ಮಂದಿರು ಪರಸ್ಪರ ಕಾದಾಡಿದರು. ಅತ್ತ ಸೇವುಣರು, ಇತ್ತ ಪಾಂಡ್ಯರು ಗಡಿಯನ್ನು ಒತ್ತಿದರು. ಮೂರನೇ ಬಲ್ಲಾಳ ರಾಜ್ಯವನ್ನು ಮತ್ತೆ ಒಂದು ಮಾಡಿದ ನಿಜ. ಆದರೆ ಮಲಿಕ್ ಕಾಫೂರ್ ಬಂದಾಗ ಅವನು ರಾಜಧಾನಿಯಲ್ಲಿ ಇರಲಿಲ್ಲ. ಪಾಂಡ್ಯ ಸಹೋದರರ ಜಗಳದ ಲಾಭ ಪಡೆಯಲು ದಕ್ಷಿಣಕ್ಕೆ ಹೋಗಿದ್ದ.

ದೋರಸಮುದ್ರದ ಸಂಪತ್ತು ದೆಹಲಿಗೆ ಹೋಯಿತು. ಲೂಟಿಯನ್ನು ಲೂಟಿ ಎಂದೇ ಬರೆಯಬೇಕು. ಕಾಫೂರನ ಪರ ವಾದ ಮಾಡುವುದು ನಮ್ಮ ಕೆಲಸವಲ್ಲ. ಆದರೆ ಅಲ್ಲಿಗೆ ಹೊಯ್ಸಳರು ಮುಗಿಯಲಿಲ್ಲ. ಬಲ್ಲಾಳ ಮತ್ತೆ ಮೂವತ್ತು ವರ್ಷ ಆಳಿದ. ಕೊನೆಗೆ 1342-43ರ ಸುಮಾರಿಗೆ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಸತ್ತ. ಆ ಸುಲ್ತಾನನ ಬಂಧುವಾಗಿದ್ದ ಪ್ರವಾಸಿ ಇಬ್ನ್ ಬತೂತ ಈ ಯುದ್ಧದ ಬಗ್ಗೆ ಬರೆದಿದ್ದಾನೆ. ಬಲ್ಲಾಳನ ಸೇನೆಯಲ್ಲಿ ಸುಮಾರು 20,000 ಮುಸ್ಲಿಮರಿದ್ದರು ಎನ್ನುತ್ತಾನೆ. ಅವರನ್ನು ಅವನು ಹೊಗಳುವುದಿಲ್ಲ, ಪುಂಡರು, ಓಡಿಬಂದ ಗುಲಾಮರು ಎಂದು ಬೈಯುತ್ತಾನೆ. ಸಂಖ್ಯೆ ಹೆಚ್ಚುಕಡಿಮೆ ಇರಬಹುದು. ಆದರೆ ಹೊಯ್ಸಳರ ಕೊನೆಯ ದೊಡ್ಡ ಯುದ್ಧದಲ್ಲಿ ಮುಸ್ಲಿಮರು ಎರಡೂ ಕಡೆ ಇದ್ದರು. ಹಾಗಾದರೆ 'ನಿಮ್ಮವರು' ಯಾರು, 'ನಮ್ಮವರು' ಯಾರು? ಅಂದು ಸೈನಿಕ ಹೋರಾಡಿದ್ದು ಸಂಬಳ ಕೊಟ್ಟ ಒಡೆಯನಿಗಾಗಿ.

ಆದ್ದರಿಂದ ನನ್ನದು ಎರಡು ಮಾತು. ಸ್ನೇಹಿತರೇ, ಈ ಪ್ರಶ್ನೆಗೆ ಉತ್ತರ ಬರೆಯುವಾಗ ರಾಜ್ಯದ ವಿಭಜನೆ, ಒಳಜಗಳ, ನೆರೆಯವರ ಜೊತೆಗಿನ ಯುದ್ಧ, ದೆಹಲಿಯ ದಾಳಿ, ಮಧುರೆಯ ಸೋಲು, ಎಲ್ಲವನ್ನೂ ಬರೆಯಿರಿ. ಮಾನ್ಯ ಉಪನ್ಯಾಸಕರೇ, ಈ ಸಲದ ಪ್ರವಾಸದಲ್ಲಿ ಬೇಲೂರು, ಹಳೇಬೀಡಿನ ಜೊತೆ ದೊಡ್ಡಗದ್ದವಳ್ಳಿಯನ್ನೂ ಸೇರಿಸಿ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳಲ್ಲಿ ಅದು ಇಲ್ಲ, ಹಾಗಾಗಿ ಬಸ್ಸುಗಳು ಆ ಕಡೆ ತಿರುಗುವುದು ಕಡಿಮೆ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲೇ ಸ್ವಲ್ಪ ಒಳಗೆ ಹೋದರೆ ಸಿಗುತ್ತದೆ. ಹೊಯ್ಸಳರು ಹೇಗೆ ಬಿದ್ದರು ಎಂದು ಓದುವ ನಾವು, ಹೇಗೆ ಎದ್ದರು ಎಂಬುದನ್ನು ಒಮ್ಮೆ ಕಣ್ಣಾರೆ ನೋಡಿ ಬರೋಣ.